ಕೋನ್ ಮಹಾಶಯರ ದರ್ಶನ

ಹಿಮವನ್ನು ಫ್ರಿಜ್ಜಿನಿಂದ ಹೊರಗೆ ಎಂದೂ ಕಾಣದ ಪುಣೆಯಲ್ಲಿ, ಅಡ್ಡಿಗಳ ನಡುವೆ ಬಳುಕಿ ಸಾಗುವ ಸ್ಲಾಲಮ್ ವಿದ್ಯೆಯ ಮರ್ಮವನ್ನು ಅರಿಯಬೇಕೆಂಬ ಕುತೂಹಲವುಂಟಾದಾಗ, ಹಿಮಾಲಯ ಯಾತ್ರೆಯ ಆಯಾಸಕ್ಕೆ ಅಂಜಿ, ಸ್ಕೇಟಿಂಗ್ ಅಂಗಣವೊಂದರಲ್ಲಿ ಸಾಲಾಗಿ ನಿಂತಿದ್ದ ಪ್ಲಾಸ್ಟಿಕ್ ಕೋನ್‌ಗಳ ಪೈಕಿ ಹಿರಿಯರೊಬ್ಬರನ್ನು ಕಂಡೆವು. ಎತ್ತರದಲ್ಲಿ ಸುಮಾರು 8 ಸೆಂಟಿಮೀಟರಾದರೂ ಅಭಿಪ್ರಾಯದಲ್ಲಿ ಅವರು ಪಕ್ಕಾ ಪುಣೇಕರರು. ಮಧ್ಯಾಹ್ನ 1ರಿಂದ 4ರವರೆಗೆ ಯಾರೊಡನೆಯೂ ಮಾತಿಲ್ಲವೆಂದು ಮೊದಲೇ ಎಚ್ಚರಿಸಿದ್ದರು.

ಪ್ರಶ್ನೆ: ತಮ್ಮ ವೃತ್ತಿ?

ಕೋನ್: ನಿಲ್ಲುವುದು. ವೇಗದ ಸ್ಲಾಲಮ್‌ನಲ್ಲಿ 80 ಸೆಂಟಿಮೀಟರಿಗೊಬ್ಬರಂತೆ ನಾವು 20 ಮಂದಿ ನಿಲ್ಲುತ್ತೇವೆ; ಒಂಟಿಗಾಲಿನಲ್ಲಿ ನಮ್ಮ ನಡುವೆ ಹೆಣೆದು ಸಾಗುವವರು ಯಾರನ್ನು ಕೆಡವಿದರೂ 0.2 ಸೆಕೆಂಡು ದಂಡ. ನಿಪುಣರು 5 ಸೆಕೆಂಡಿನೊಳಗೆ ಮುಗಿಸುವ ಓಟದಲ್ಲಿ ಅದು ಅಲ್ಪವೇ? 2023ರಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಈ ಊರಿನ ಶ್ರೇಯಸಿ ಜೋಶಿಯವರು ನಮ್ಮ ಕುಲದವರನ್ನು ಬಳಸಿ ಸಾಗಿದರು.

ಪ್ರಶ್ನೆ: ಹಿಮದ ಮೇಲಿರುವ ತಮ್ಮ ಬಂಧುಗಳು?

ಕೋನ್: ಅವರು ಸ್ಥಿತಿವಂತರು. ಪುರುಷರ ಸ್ಲಾಲಮ್‌ನಲ್ಲಿ 55ರಿಂದ 75 ಗೇಟುಗಳು. ಗೇಟಿನ ಕಂಬಗಳಾದ ಅವರ ಬುಡದಲ್ಲಿ ಕೀಲು. ಸ್ಕೀಯರ್ ಎಷ್ಟು ಬಲವಾಗಿ ಹೊಡೆದರೂ ಅವರು ಬಾಗಿ ಮತ್ತೆ ಏಳುತ್ತಾರೆ. ಸ್ಕೀಗಳ ತುದಿಯೂ ಪಾದಗಳೂ ಗೇಟಿನ ಗೆರೆಯನ್ನು ದಾಟಿದರೆ ನಿಯಮಕ್ಕೆ ಸಾಕಾದುದರಿಂದ, ಪಾದಗಳು ಕಂಬವನ್ನು ಹೊರಗಿನಿಂದ ಬಳಸುತ್ತಿರುವಾಗ ಮುಂಡವು ಒಳಬದಿಯ ಹ್ರಸ್ವಮಾರ್ಗವನ್ನು ಹಿಡಿಯುತ್ತದೆ. ಆದರೂ ಅವರಿಗೆ ದಾಕ್ಷಿಣ್ಯವಿಲ್ಲ: 2022ರ ಬೀಜಿಂಗ್ ಒಲಿಂಪಿಕ್ಸಿನ ಜೈಂಟ್ ಸ್ಲಾಲಮ್‌ನಲ್ಲಿ 45ನೆಯವರಾದ ನಮ್ಮ ಕಾಶ್ಮೀರದ ಆರಿಫ್ ಖಾನ್, ಸ್ಲಾಲಮ್‌ನಲ್ಲಿ ಗುರಿಯನ್ನೇ ಮುಟ್ಟಲಿಲ್ಲ.

ಪ್ರಶ್ನೆ: ಹಾಗಾದರೆ ಜಯದ ರಹಸ್ಯವೇನು?

ಕೋನ್: ವಕ್ರಪಥದಲ್ಲಿ ಧಾವಿಸುವ ದೇಹಕ್ಕೆ ಒಳಕ್ಕೆ ವಾಲದೆ ಗತಿಯಿಲ್ಲ. ವೇಗ ಇಮ್ಮಡಿಯಾದರೆ ಅದೇ ತಿರುವಿಗೆ ಬೇಕಾಗುವ ಕೇಂದ್ರಾಭಿಮುಖ ಬಲವು ನಾಲ್ಮಡಿಯಾಗುತ್ತದೆ; ಆ ಭಾರದ ಬಹುಪಾಲನ್ನು ಹೊರಗಾಲು ಹೊರುತ್ತದೆ. ಒಂದು ತಿರುವಿನಿಂದ ಇನ್ನೊಂದಕ್ಕೆ ಹೊರಳುವಾಗ ಮಂಡಿ ಸೊಂಟಗಳು ಮಡಿಚಿಕೊಳ್ಳದಿದ್ದರೆ ದೇಹವು ಮೇಲಕ್ಕೆ ಚಿಮ್ಮಿ, ಸ್ಕೀ ಹಿಮದ ಹಿಡಿತವನ್ನು ನೀಗುತ್ತದೆ. ಕಾಲುಗಳೆಷ್ಟೇ ಚಂಚಲವಾದರೂ ಎದೆಯು ಇಳಿಜಾರಿನತ್ತ ಮುಖಮಾಡಿ ಶಾಂತವಾಗಿರತಕ್ಕದ್ದು. ಸೊಂಟದ ಮೇಲೆ ಸ್ಥಿತಪ್ರಜ್ಞ, ಸೊಂಟದ ಕೆಳಗೆ ನಟರಾಜ!

ಪ್ರಶ್ನೆ: ಪುಣೆಯ ಸಾಮಾನ್ಯರಿಗೆ ಈ ಸಿದ್ಧಿ ದುರ್ಲಭವಲ್ಲವೆ?

ಕೋನ್: ಛೇ! ಮಳೆಗಾಲದ ತಗ್ಗುಗುಂಡಿಗಳ ನಡುವೆ, ಮುಂದೆ ಮಗನನ್ನೂ ಹಿಂದೆ ಮಡದಿಯನ್ನೂ ಕೂರಿಸಿಕೊಂಡು, ಹ್ಯಾಂಡಲಿಗೆ ತರಕಾರಿಯ ಚೀಲವನ್ನು ತೂಗಿಸಿ, ಮುಖದ ಒಂದು ಗೆರೆಯೂ ಕದಲದಂತೆ ಸ್ಕೂಟರನ್ನು ಬಳುಕಿಸುವ ಗೃಹಸ್ಥನ ಬಳಿ ಆಲ್ಪ್ಸ್‌ನ ವೀರರು ಶಿಷ್ಯವೃತ್ತಿ ಮಾಡಬೇಕು. ನಮ್ಮ ನೀಳಕಾಯದ ದಾಯಾದಿಗಳನ್ನು ಗುಂಡಿಯ ಪಕ್ಕದಲ್ಲಿ ನಿಲ್ಲಿಸಿದೊಡನೆ ದುರಸ್ತಿ ಮುಗಿಯಿತೆಂದು ಈ ಲೋಕ ನಂಬುತ್ತದೆ.

ಪ್ರಶ್ನೆ: ಅವರನ್ನು ನಿಲ್ಲಿಸಿದ ಅಧಿಕಾರಿಗಳು?

ಕೋನ್: ಅರ್ಧ ವಿದ್ಯೆ ಅವರಿಗೆ ಕರತಲಾಮಲಕ. ಮೇಲ್ಭಾಗವು ಸಂಪೂರ್ಣ ನಿಶ್ಚಲ. ಕೆಳಭಾಗವೂ ಹಾಗೆಯೇ ಇರುವುದೊಂದೇ ದೋಷ.

ಪ್ರಶ್ನೆ: ವಾಚಕರಿಗೆ ತಮ್ಮ ಹಿತವಚನ?

ಕೋನ್: ಅಂಗಣದಲ್ಲಿ ನನ್ನನ್ನು ಕಂಡರೆ ಮುಟ್ಟದೆ ಬಳಸಿಹೋಗಿರಿ. ರಸ್ತೆಯಲ್ಲಿ ನನ್ನ ದಾಯಾದಿಯೊಬ್ಬನು ಆರು ತಿಂಗಳಿನಿಂದ ಒಂದೇ ಗುಂಡಿಯನ್ನು ಕಾಯುತ್ತಿರುವುದು ಕಂಡರೆ, ತಪ್ಪಿಸಿಕೊಂಡ ನಿಮ್ಮ ನೈಪುಣ್ಯಕ್ಕೆ ನೀವೇ ತಲೆದೂಗದೆ, ಗಾಡಿಯನ್ನು ನಿಲ್ಲಿಸಿ ಒಂದು ದೂರು ಬರೆಯಿರಿ.