ಮಳೆಯೂರಿನ ಸೋರಿಕೆ

ನೀರಿನ ಪೈಪು ಎಲ್ಲಿ ಒಡೆದಿದೆ ಎಂದು ಪತ್ತೆ ಮಾಡುವುದು ಬಳ್ಳಾರಿಯಂಥ ಊರಿನಲ್ಲಿ ಸುಲಭವಿರಬೇಕು. ರಸ್ತೆಯಲ್ಲಿ ಒದ್ದೆ ಕಂಡ ಕಡೆ ಅಗೆದರಾಯಿತು. ನಮ್ಮ ಶಿವಮೊಗ್ಗದಲ್ಲಿ ಮಳೆಗಾಲ ಹಿಡಿಯಿತೆಂದರೆ ಇಡೀ ಊರೇ ಒದ್ದೆ. ಗೋಡೆ ಒದ್ದೆ, ಬೆಂಕಿಪೊಟ್ಟಣ ಒದ್ದೆ, ಒಗೆದು ನಾಲ್ಕು ದಿನವಾದ ಪಂಚೆಯೂ ಒದ್ದೆ. ಇದರಲ್ಲಿ ಆಕಾಶದ್ದೆಷ್ಟು, ಪೈಪಿನದೆಷ್ಟು?

ನಮ್ಮ ಬೀದಿಯ ತಿರುವಿನಲ್ಲಿ ಒಂದು ಹೊಂಡ ಎದ್ದಾಗ ಈ ಪ್ರಶ್ನೆ ಬಂತು. ಎದುರುಮನೆಯ ಯಜಮಾನರು, "ಒರತೆ ಕಣ್ರೀ, ಇಲ್ಲೆಲ್ಲ ಹಿಂದೆ ಗದ್ದೆ ಇತ್ತು" ಎಂದು ತೀರ್ಪು ಕೊಟ್ಟರು. ನಮ್ಮೂರಲ್ಲಿ ಯಾವ ಬಡಾವಣೆಗೂ ಒಪ್ಪುವ ಮಾತು ಅದು. ಹಾಲಿನವನ ಪ್ರಕಾರ ಒಳಚರಂಡಿ. ಎಲ್ಲರೂ ಮೂಗು ಮುಚ್ಚಿ, ಸೀರೆ ಪಂಚೆ ಎತ್ತಿಕೊಂಡು ದಾಟತೊಡಗಿದೆವು. ಮೂಗು ಮುಚ್ಚಿದ ಮೇಲೆ ವಾಸನೆ ಇದೆಯೋ ಇಲ್ಲವೋ ಎಂದು ಯಾರಿಗೆ ಗೊತ್ತಾಗಬೇಕು?

ಕೊನೆಗೆ ನೀರು ಬಿಡುವವನು ಬಂದ. ಜೇಬಿನಿಂದ ಗಾಜಿನ ಪುಟ್ಟ ಕೊಳವೆ ತೆಗೆದು ಹೊಂಡದ ನೀರು ತುಂಬಿಸಿ, ಸೀಸೆಯಿಂದ ಎರಡು ಹನಿ ಹಾಕಿ ಅಲ್ಲಾಡಿಸಿದ. ನೀರು ತೆಳು ಹಳದಿಗೆ ತಿರುಗಿತು. "ಕ್ಲೋರಿನ್ ಐತೆ ಸಾರ್, ನಮ್ದೇ ನೀರು" ಎಂದ. ಮಳೆ ನೀರಿಗಾಗಲಿ ಒರತೆಗಾಗಲಿ ಕ್ಲೋರಿನ್ ಹಾಕುವವರು ಯಾರೂ ಇಲ್ಲವಲ್ಲ. ಹಳದಿ ಬರದಿದ್ದರೆ ಮಾತ್ರ ಪೈಪು ನಿರಪರಾಧಿ ಎನ್ನುವಂತಿಲ್ಲವಂತೆ; ಮಣ್ಣಿನಲ್ಲಿ ತುಸು ಹರಿದರೂ ಕ್ಲೋರಿನ್ ಕಳೆದುಹೋಗುತ್ತದೆ. ಅಂತೂ ನಾವು ಅಸಹ್ಯಪಟ್ಟು ದಾಟುತ್ತಿದ್ದದ್ದು ನಮ್ಮ ನಲ್ಲಿಗೇ ಬರಬೇಕಿದ್ದ, ಶುದ್ಧ ಮಾಡಿ ಕಳಿಸಿದ ತುಂಗೆಯನ್ನು. ತುಂಗಾ ಪಾನ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗುವವರು ನಾವು.

ಆ ಹೊತ್ತಿಗೆ ಭದ್ರಾವತಿಯಿಂದ ಭಾವ ಬಂದರು. ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಗಂಗಾ ಸ್ನಾನ, ತುಂಗಾ ಪಾನ ಎಂಬ ಮಾತು ಕೇಳಿದರೆ ಅವರಿಗೆ ಆಗುವುದಿಲ್ಲ. "ಕೂಡಲಿಯಲ್ಲಿ ತುಂಗೆ, ಭದ್ರೆ ಎರಡೂ ಸೇರಿದ ಮೇಲೆ ಯಾವ ಲೋಟದಲ್ಲಿ ಯಾವುದು ಅಂತ ತೋರಿಸು ನೋಡೋಣ" ಎನ್ನುತ್ತಾರೆ. ಹೊಂಡದ ಪಕ್ಕ ಅಗೆದಿದ್ದ ಗುಂಡಿಗೆ ಬಗ್ಗಿ ನೋಡಿದವರೇ ನಕ್ಕರು. "ಪ್ಲಾಸ್ಟಿಕ್ಕಾ!"

ವಿಶ್ವೇಶ್ವರಯ್ಯನವರ ಮುತುವರ್ಜಿಯಿಂದ ಹುಟ್ಟಿ 1923ರಲ್ಲಿ ಕುಲುಮೆ ಹೊತ್ತಿಸಿದ ಭಾವನ ಕಾರ್ಖಾನೆ ಒಂದು ಕಾಲಕ್ಕೆ ಎರಕದ ಪೈಪುಗಳನ್ನೂ ಮಾಡುತ್ತಿತ್ತು. ಒಂದು ಪೈಪಿನ ಬಾಯಿಗೆ ಇನ್ನೊಂದನ್ನು ಕೂರಿಸಿ, ಸಂದಿಗೆ ನಾರು ತುರುಕಿ, ಕಾಯಿಸಿದ ಸೀಸ ಹೊಯ್ದು ಬಡಿಯುವ ಕಾಲ ಅದು. ಭಾವನ ವಾದ ಇಷ್ಟೇ: "ಕಬ್ಬಿಣ ಸೋರಿದರೆ ಕೂಗಿ ಹೇಳತ್ತೆ ಮಾರಾಯ. ನಿಮ್ಮ ಪ್ಲಾಸ್ಟಿಕ್ ಬಾಯೇ ಬಿಡಲ್ಲ."

ಹೊಟ್ಟೆಕಿಚ್ಚಿನ ಮಾತೆಂದುಕೊಂಡಿದ್ದೆ; ವಿಜ್ಞಾನವೂ ಅವರ ಕಡೆಗೇ ಇದೆ. ಬಿರುಕಿನಿಂದ ನುಗ್ಗುವ ನೀರು ಸಿಳ್ಳೆಯಂಥ ಸದ್ದು ಮಾಡುತ್ತದೆ. ಲೋಹದ ಗೋಡೆಯಲ್ಲಿ ಆ ಸದ್ದು ಬಹುದೂರ ಹೋಗುತ್ತದೆ, ಪ್ಲಾಸ್ಟಿಕ್‌ನಲ್ಲಿ ಬೇಗ ಅಡಗುತ್ತದೆ. ಪತ್ತೆ ಮಾಡುವವರು ಕಬ್ಬಿಣದ ಸಲಾಕೆಯ ಒಂದು ತುದಿಯನ್ನು ವಾಲ್ವಿನ ಮೇಲೂ ಇನ್ನೊಂದನ್ನು ಕಿವಿಗೂ ಹಚ್ಚಿ, ಡಾಕ್ಟರು ಎದೆ ಪರೀಕ್ಷಿಸಿದಂತೆ ಕೇಳುತ್ತಾರೆ. ಈಗ ಎರಡು ಕಡೆ ಯಂತ್ರ ಇಟ್ಟು, ಸದ್ದು ಎಲ್ಲಿಗೆ ಮೊದಲು ಮುಟ್ಟಿತೆಂದು ಲೆಕ್ಕಹಾಕಿ ಜಾಗ ಹೇಳುವುದೂ ಉಂಟು. ಕೆಲಸಕ್ಕೆ ಒಳ್ಳೆಯ ಹೊತ್ತು ರಾತ್ರಿ ಎರಡರಿಂದ ನಾಲ್ಕು: ವಾಹನ ಇಲ್ಲ, ಯಾರೂ ನಲ್ಲಿ ತಿರುಗಿಸುವುದಿಲ್ಲ. ಆ ಹೊತ್ತಿನಲ್ಲಿ ರಸ್ತೆಗೆ ಕಿವಿಗೊಟ್ಟು ಕೂತವನನ್ನು ನಮ್ಮ ಬೀದಿಯ ನಾಯಿಗಳು ಏನೆಂದು ತಿಳಿಯುತ್ತವೋ. ಇನ್ನು ಮಳೆ ಹೊಯ್ಯುತ್ತಿದ್ದರಂತೂ ಕೇಳುವುದು ಮಳೆಯೇ.

ಭಾವನೆದುರು ನಾನೂ ಸೋಲಲಿಲ್ಲ. ಎರಕದ ಕಬ್ಬಿಣ ಪೆಡಸು. ಮೇಲೆ ಲಾರಿ ಓಡಾಡಿ ನೆಲ ಕುಸಿದರೆ ಬಳೆಯ ಹಾಗೆ ಒಡೆಯುತ್ತದೆ ಎಂದೆ. ಅವರು ಲೋಟ ಕೆಳಗಿಟ್ಟು, "ಅದು ಲಾರಿಯ ತಪ್ಪು" ಎಂದರು.

ನಗುವ ವಿಷಯ ಇಲ್ಲಿಗೆ ಮುಗಿಯಿತು. ನಿಮಿಷಕ್ಕೆ ಒಂದೇ ಲೀಟರ್ ಸೋರಿದರೂ ದಿನಕ್ಕೆ 1,440 ಲೀಟರ್. ನಗರದಲ್ಲಿ ತಲೆಗೆ 135 ಲೀಟರ್ ಎಂಬ ಸರ್ಕಾರಿ ಲೆಕ್ಕ ಹಿಡಿದರೆ, ಹತ್ತು ಜನರ ಪಾಲು ಮಣ್ಣುಪಾಲು. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ನೀರು ಬಿಡುವುದು ನಿಂತು ಒತ್ತಡ ಇಳಿದಾಗ, ಅದೇ ಬಿರುಕು ಹೊರಗಿನ ಕೊಳಕನ್ನು ಒಳಗೆ ಎಳೆದುಕೊಳ್ಳುತ್ತದೆ. ಮರುದಿನ ಮೊದಲ ಕೊಡ ಹಿಡಿಯುವವರ ಮನೆಗೆ ಅದು ನೇರ ಹೋಗುತ್ತದೆ.

ರಸ್ತೆಯಲ್ಲಿ ಸೋರುವುದನ್ನು ನೀರು ಬಿಡುವವರು ನೋಡಿಕೊಳ್ಳಲಿ. ಮೀಟರಿನಿಂದ ಈಚೆಗೆ ಸೋರಿದರೆ ಬಿಲ್ಲು ನಮ್ಮದೇ. ಇವತ್ತು ರಾತ್ರಿ ನೀರು ಬಿಟ್ಟಿದ್ದರೆ, ಮಲಗುವ ಮೊದಲು ತೊಟ್ಟಿ, ಟ್ಯಾಂಕು ತುಂಬಿವೆಯೇ ನೋಡಿ, ನಲ್ಲಿಗಳನ್ನೆಲ್ಲ ಮುಚ್ಚಿ, ಟಾರ್ಚ್ ಹಿಡಿದು ಮೀಟರಿನ ಮುಳ್ಳು ನೋಡಿ. ಆಗಲೂ ತಿರುಗುತ್ತಿದ್ದರೆ ಬೆಳಿಗ್ಗೆ ಪ್ಲಂಬರ್‌ಗೆ ಫೋನ್ ಮಾಡಿ.