ಪಿಕಪ್ ಗಾಡಿಯ ಅಧಿಕ ಜಡವೇಗ: ಹೊಸಪೇಟೆ ಸೀಮೆಯ ನೆಲೆಯಲ್ಲಿ ಒಂದು ತಾತ್ವಿಕ ಅನುಸಂಧಾನ

ನಿಂತ ಗಾಡಿಯ ಎಂಜಿನ್ ಓಡುವ ಗಾಡಿಯಂತೆ ಅರಚುವುದನ್ನು ಚಲನೆ ಮತ್ತು ನಿಶ್ಚಲತೆಗಳ ಮುಖಾಮುಖಿಯಾಗಿ ಗ್ರಹಿಸಬೇಕಾದ ತುರ್ತು ಇಂದು ನಮ್ಮೆದುರಿಗಿದೆ. ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಗಳೆಂಬ ಚತುಷ್ಕೋನ ಸಾಂಸ್ಕೃತಿಕ ವಲಯದಲ್ಲಿ ಬಾಳೆಗೊನೆ, ಭತ್ತದ ಚೀಲ, ಸೆಂಟ್ರಿಂಗ್ ಶೀಟು, ಮದುವೆಯ ಪಾತ್ರೆಗಳನ್ನು ಹೊರುವ ಪಿಕಪ್ ಗಾಡಿಯು ಅಂಚಿಗೆ ಸರಿಸಲಾದ ಒಂದು ಪಠ್ಯವೇ ಸರಿ. ಬಿಸಿಯಾದ ಡೀಸೆಲ್ ಎಂಜಿನ್ ನ್ಯೂಟ್ರಲ್‌ನಲ್ಲಿ ನಿಮಿಷಕ್ಕೆ 750ರಿಂದ 850 ಸುತ್ತಿನ ಆಸುಪಾಸಿನಲ್ಲಿ ಗುನುಗಬೇಕು. ಅದು 1,200ಕ್ಕೋ 1,500ಕ್ಕೋ ಏರಿ ಅಲ್ಲೇ ಕೂತರೆ ಡ್ರೈವರ್‌ಗಳು ‘ರೇಸ್ ಇಳೀವಲ್ದು’ ಅನ್ನುತ್ತಾರೆ. ಈ ದೇಸಿ ಅರಿವನ್ನು ಪ್ರಸ್ತುತ ಪ್ರಬಂಧವು ‘ಅಧಿಕ ಜಡವೇಗದ ಸಂಕಥನ’ ಎಂದು ಗುರುತಿಸುತ್ತದೆ. ಹಾಗೆ ಗುರುತಿಸಿದ್ದರಿಂದ ಗಾಡಿಗೆ ಏನೂ ಆಗುವುದಿಲ್ಲ, ಪ್ರಬಂಧಕ್ಕೆ ಎರಡು ಪುಟ ಸೇರುತ್ತದೆ.

ಇನ್ನು ವರ್ಗೀಕರಣ. ಅದಿಲ್ಲದ ವಿದ್ವತ್ತಿಗೆ ಸಂಡೂರಿನಲ್ಲಿ ಮರ್ಯಾದೆಯಿಲ್ಲ. 2013ರಲ್ಲಿ ಸುಪ್ರೀಂ ಕೋರ್ಟು ಅಕ್ರಮದ ಪ್ರಮಾಣ ನೋಡಿ ಇಲ್ಲಿಯ ಗಣಿಗಳನ್ನೇ ಎ, ಬಿ, ಸಿ ಎಂದು ವಿಂಗಡಿಸುವುದನ್ನು ಒಪ್ಪಿದೆ. ಅದೇ ಮಾದರಿಯಲ್ಲಿ, ಎ ವರ್ಗವೆಂದರೆ ನಿರಪರಾಧಿ ಜಡವೇಗ: ಎಂಜಿನ್ ತಣ್ಣಗಿದ್ದಾಗ, ಎಸಿ ಹಾಕಿದಾಗ ಸುತ್ತು ತುಸು ಏರುವುದು ಕಂಪನಿಯವರೇ ಇಟ್ಟ ಏರ್ಪಾಡು. ಬಿ ವರ್ಗ ಯಾಂತ್ರಿಕ, ಸಿ ವರ್ಗ ವಿದ್ಯುನ್ಮಾನ. ಡಿ ವರ್ಗವೆಂದರೆ ಜಾಗತೀಕರಣೋತ್ತರ ಅಸ್ತಿತ್ವವಾದಿ ಜಡವೇಗ, ಅದರೊಳಗೆ ಐದು ಉಪವರ್ಗ... ಇರಲಿ ಬಿಡಿ. ವಿಂಗಡಣೆಯಿಂದ ಇದುವರೆಗೆ ಒಂದು ಬೋಲ್ಟೂ ಸಡಿಲವಾಗಿಲ್ಲ. ಈ ದೋಷವೇ ತಟ್ಟದ ವಾಹನ ಈ ಸೀಮೆಯಲ್ಲಿ ಒಂದೇ ಒಂದು, ಹಂಪಿಯ ವಿಠ್ಠಲ ದೇವಾಲಯದ ಕಲ್ಲಿನ ರಥ.

ಪ್ರಬಂಧದ ಪ್ರಮೇಯ ಸಣ್ಣದು: ಹಳೆಯ ಪಿಕಪ್‌ನ ರೇಸ್ ಇಳಿಯದಿದ್ದರೆ ತಪ್ಪು ಬಹುಪಾಲು ಪೆಡಲ್‌ನಿಂದ ಡೀಸೆಲ್ ಪಂಪಿನವರೆಗಿನ ಮಾರುದ್ದದ ದಾರಿಯಲ್ಲೇ ಇರುತ್ತದೆ, ದೊಡ್ಡ ಕಾರಣ ಹುಡುಕುವವರಿಗೆ ಅದು ಕಾಣುವುದಿಲ್ಲ. ಹಳೆಯ ಡೀಸೆಲ್ ಎಂಜಿನ್ನಿಗೆ ಪೆಟ್ರೋಲ್ ಎಂಜಿನ್ನಿನಂತೆ ಗಾಳಿಗೆ ಅಡ್ಡ ನಿಲ್ಲುವ ಥ್ರಾಟಲ್ ತಟ್ಟೆಯಿಲ್ಲ. ಪಂಪು ಎಷ್ಟು ಡೀಸೆಲ್ ಬಿಡುತ್ತದೆಯೋ ಅಷ್ಟು ವೇಗ. ಹಾಗಾಗಿ ಎಲ್ಲೋ ಗಾಳಿ ಎಳೆಯುತ್ತಿದೆ ಎಂದು ಪೈಪುಗಳನ್ನೆಲ್ಲ ಬಿಚ್ಚುವುದು ಪೆಟ್ರೋಲ್ ಗಾಡಿಯ ಪಾಠವನ್ನು ಡೀಸೆಲ್ ಗಾಡಿಗೆ ಒಪ್ಪಿಸಿದಂತೆ. ಪರೀಕ್ಷೆ ಸುಲಭ. ಆಕ್ಸಿಲರೇಟರ್ ವಾಯರನ್ನು ಪಂಪಿನ ಲಿವರ್‌ನಿಂದ ಕಳಚಬೇಕು. ರೇಸ್ ಕೂಡಲೇ ಇಳಿದರೆ ವಾಯರ್ ಹಿಡಿದುಕೊಂಡಿದೆ ಎಂದರ್ಥ. ಇಳಿಯದಿದ್ದರೆ ಲಿವರಿನ ಸ್ಪ್ರಿಂಗ್ ಸೋತಿದೆಯೇ ನೋಡಬೇಕು, ಆಮೇಲೆ ಐಡ್ಲಿಂಗ್ ಸ್ಕ್ರೂ, ಕಟ್ಟಕಡೆಗೆ ಪಂಪಿನೊಳಗಿನ ಗವರ್ನರ್. ಈ ಕ್ರಮವನ್ನು ತಲೆಕೆಳಗು ಮಾಡಿ ಮೊದಲೇ ಸ್ಕ್ರೂಗೆ ಕೈಹಾಕುವವರುಂಟು. ಹಿಡಿದುಕೊಂಡ ವಾಯರ್ ಲಿವರನ್ನು ಮೇಲಕ್ಕೆ ಎಳೆದಿಟ್ಟಿರುವಾಗ ಅದು ಸ್ಕ್ರೂವಿಗೆ ತಾಗುವುದೇ ಇಲ್ಲ. ಎಷ್ಟು ತಿರುಗಿಸಿದರೂ ರೇಸ್ ಇಳಿಯದು. ಹೊಸ ವಾಯರ್ ಹಾಕಿದ ದಿನ ಮಾತ್ರ, ಸ್ಕ್ರೂ ಅತಿಯಾಗಿ ಸಡಿಲಗೊಂಡಿರುವುದರಿಂದ, ಗಾಡಿ ರೈಲ್ವೆ ಗೇಟಿನ ಮುಂದೆ ಬಂದ್ ಬೀಳುತ್ತದೆ. ವಾಯರಿಗೆ ಎಣ್ಣೆ ಬಿಡುವುದೂ ಇಲ್ಲಿ ಎರಡು ದಿನದ ಪರಿಹಾರ. ಅದಿರಿನ ಕೆಂಧೂಳು ಎಣ್ಣೆಯೊಂದಿಗೆ ಕಲೆತು ಅರೆಯುವ ಹಿಟ್ಟಾಗುತ್ತದೆ.

ಇದಕ್ಕೆ ಎರಡು ಆಕ್ಷೇಪ ಬರಬಹುದು. ಹೊಸ ಕಾಮನ್ ರೈಲ್ ಗಾಡಿಗಳಲ್ಲಿ ವಾಯರೇ ಇಲ್ಲವಲ್ಲ ಎಂಬುದು ಒಂದು. ನಿಜ, ಅಲ್ಲಿ ಪೆಡಲ್ ಬುಡದ ಸೆನ್ಸರ್ ಸುಳ್ಳು ಹೇಳುತ್ತದೆ, ಇಲ್ಲವೇ ನೀರಿನ ಬಿಸಿ ಅಳೆಯುವ ಸೆನ್ಸರ್ ಕೆಟ್ಟು, ಏಪ್ರಿಲ್ ತಿಂಗಳ ಹೊಸಪೇಟೆಯಲ್ಲೂ ಎಂಜಿನ್ ತಣ್ಣಗಿದೆ ಎಂದು ಕಂಪ್ಯೂಟರನ್ನು ನಂಬಿಸುತ್ತದೆ. ಸ್ಕ್ಯಾನರ್ ಹಾಕಿದರೆ ತಿಳಿಯುತ್ತದೆ. ಅಲ್ಲಿಯೂ ಕೆಟ್ಟಿರುವುದು ಹೆಚ್ಚಾಗಿ ಬೆರಳುದ್ದದ ಸಾಮಾನು, ಇಲ್ಲವೇ ಧೂಳು ಕೂತ ಅದರ ಪ್ಲಗ್ಗು. ಎರಡನೆಯ ಆಕ್ಷೇಪ ಗಂಭೀರ: ವಾಯರ್ ಕಳಚಿದರೂ ರೇಸ್ ತಾನಾಗಿಯೇ ಏರುತ್ತಾ ಹೋದರೆ? ಆಗ ಟರ್ಬೊದಿಂದ ಸೋರಿದ ಎಂಜಿನ್ ಆಯಿಲನ್ನೇ ಎಂಜಿನ್ ಕುಡಿಯುತ್ತಿರಬಹುದು. ಕೀ ತಿರುಗಿಸಿದರೂ ಅದು ನಿಲ್ಲದು. ಗಾಳಿಯ ದಾರಿ ಮುಚ್ಚಿಯೇ ನಿಲ್ಲಿಸಬೇಕು. ಅಂಥ ಹೊತ್ತಿನಲ್ಲಿ ಪ್ರಬಂಧ ಓದುತ್ತ ಕೂರಬಾರದು, ಇದನ್ನೂ ಸಹ.

ಆದರೆ ಆ ಅದಿರಿನ ಧೂಳು ಎಲ್ಲಿಂದ ಬಂತು ಎಂದು ಕೇಳದ ಶಾಸ್ತ್ರ ಎಂಥದ್ದು? ಸಂಡೂರಿನ ಗುಡ್ಡ ಕಡಿದು ಲಾಭ ಉಂಡವರು ಬೇರೆ. ಅದಿರಿನ ಲಾರಿಗಳ ಹಿಂದೆ ಹೋಗುತ್ತ ಫಿಲ್ಟರು, ವಾಯರು, ಶ್ವಾಸಕೋಶ ಕೆಡಿಸಿಕೊಂಡು ದುಡ್ಡು ತೆರುವವರು ತರಕಾರಿ ಗಾಡಿಯವರು. 2011ರಲ್ಲಿ ಅಕ್ರಮ ಗಣಿಗಾರಿಕೆಯ ಕುರಿತು ಲೋಕಾಯುಕ್ತರ ವರದಿ ಬಂತು, 2015ರ ಕಾನೂನು ತಿದ್ದುಪಡಿಯಿಂದ ಜಿಲ್ಲಾ ಖನಿಜ ಪ್ರತಿಷ್ಠಾನಗಳಾದವು, ವಿಚಾರ ಸಂಕಿರಣಗಳಂತೂ ನಿಂತೇ ಇಲ್ಲ. ಸದ್ದು ಭರ್ತಿ, ಡೀಸೆಲ್ಲೂ ಭರ್ತಿ ಉರಿಯುತ್ತದೆ, ಗಾಡಿ ಮಾತ್ರ ನಿಂತಲ್ಲೇ. ಸವೆದ ಸಾಮಾನನ್ನು ಹೊತ್ತಿಗೆ ನೋಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ದೊಡ್ಡ ನಿದರ್ಶನವೂ ಇಲ್ಲೇ ಇದೆ: 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದರ ಚೈನು ಕಡಿದು ಗೇಟೇ ಕೊಚ್ಚಿಹೋಯಿತು. ಚೈನು ಒಂದು ರಾತ್ರಿಯಲ್ಲಿ ಸವೆಯುವುದಿಲ್ಲ. ತುಂಬಿದ ಜಲಾಶಯದ ನೀರು ಹೊಳೆಗೆ ಹರಿಯುವುದನ್ನು ಕಂಪ್ಲಿಯ ಭತ್ತದ ರೈತರು ಕೈ ಕೈ ಹಿಸುಕಿಕೊಂಡು ನೋಡಿದರು. ಕೊನೆಗೆ ಅದನ್ನು ತಡೆದದ್ದು ಗೇಟಿನ ಕೆಲಸವನ್ನೇ ಜೀವಮಾನವಿಡೀ ಬಲ್ಲ ಕನ್ನಯ್ಯ ನಾಯ್ಡು ಮತ್ತು ಹರಿವ ನೀರಿನ ಮೇಲೆ ನಿಂತು ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆಹಲಗೆ ಇಳಿಸಿದ ಕೆಲಸಗಾರರು. ಆ ವಾರದಲ್ಲಿ ಯಾರಿಗೂ ತಾತ್ವಿಕ ಚೌಕಟ್ಟು ಬೇಕಾಗಲಿಲ್ಲ.

ಓದುಗರು ಮೊದಲು ಬಾನೆಟ್ ಎತ್ತಿ ವಾಯರ್ ಕಳಚಿ ನೋಡಲಿ. ಹೊಸದು ತರುವಾಗ ತುದಿಯ ರಬ್ಬರ್ ಟೊಪ್ಪಿ ಹರಿಯದೆ ಇರುವುದನ್ನೇ ಆರಿಸಿ ತರಲಿ. ಸಂಡೂರಿನ ರಸ್ತೆಯಲ್ಲಿ ಓಡಾಡುವವರು ಒಂದು ಹೆಚ್ಚಿಗೆ ತಂದಿಟ್ಟುಕೊಳ್ಳಲಿ.