ಸಿಂಗಾರದ ಕಾರು, ಖಾಕಿಯ ಕಣ್ಣು

ಕೋಲಾರ ಸೀಮೆಯಲ್ಲಿ ಕಾರುಪ್ರಿಯರು ಎರಡು ಬಗೆ: ಕಾರು ಓಡಿಸುವವರು, ಕಾರಿಗೆ ಸಿಂಗಾರ ಮಾಡುವವರು. ಎರಡನೆಯವರ ಕಣ್ಣಿಗೆ ಕಂಪನಿ ಕೊಟ್ಟ ಗಾಡಿ ಇನ್ನೂ ಒಡವೆ ಹಾಕದ ಮದುಮಗಳು. ಅಗಲದ ಟೈರು, ಕಪ್ಪು ಗಾಜು, ಗುಡುಗುವ ಸೈಲೆನ್ಸರ್ ಬಂದ ಮೇಲೆಯೇ ಮೆರವಣಿಗೆ.

ಕಾನೂನಿಗೆ ಈ ರಸಿಕತೆಯಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರ ಬದಲಾಗುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಅಕ್ರಮ ಮಾರ್ಪಾಡು ಒಂದೊಂದಕ್ಕೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ನಾಲ್ಕು ಒಡವೆ ತೊಟ್ಟ ಗಾಡಿಯ ಲೆಕ್ಕ 20,000ಕ್ಕೆ ನಿಲ್ಲುತ್ತದೆ.

ಗಾಜಿಗೂ ಗಣಿತವುಂಟು: ಮುಂದೆ ಹಿಂದೆ ಶೇ 70, ಪಕ್ಕದಲ್ಲಿ ಶೇ 50 ಬೆಳಕು ಹಾಯಬೇಕು. ಬಂಪರಿನ ಮುಂದಿನ ಕಬ್ಬಿಣದ ಗಾರ್ಡ್‌ಗೂ 2017ರ ಡಿಸೆಂಬರಿನಲ್ಲಿ ಕೇಂದ್ರದ ತಡೆ ಬಿತ್ತು. ಕಿತ್ತ ಸೈಲೆನ್ಸರ್‌ಗಳನ್ನು ಸಾಲಾಗಿ ಮಲಗಿಸಿ ರೋಡ್ ರೋಲರ್ ಹತ್ತಿಸುವುದು ರಾಜ್ಯದ ಪೊಲೀಸರಿಗೆ ಪ್ರಿಯವಾದ ಪ್ರದರ್ಶನ.

ಪೊಲೀಸರು ಬಿಟ್ಟರೂ ರಸ್ತೆ ಬಿಡದು. ತಗ್ಗಿಸಿದ ಕಾರು ಮಾಲೂರಿನ ಹಂಪಿನ ಮೇಲೆ ಹೊಟ್ಟೆ ಉಜ್ಜುತ್ತದೆ. ಗುಡುಗುವ ಕಾರು ಶ್ರೀನಿವಾಸಪುರದ ಮಾವಿನ ಲಾರಿಗಳ ಹಿಂದೆ ನಿಂತಲ್ಲೇ ಗುಡುಗುತ್ತದೆ. ಮುಳಬಾಗಿಲಿನ ಬಳಿ ಹೆದ್ದಾರಿ ಸಿಕ್ಕಿತೆಂದು ಹಿಗ್ಗಿದರೆ ದೋಸೆಯ ವಾಸನೆಗೆ ಮಾಲೀಕನೇ ಬ್ರೇಕ್ ಒತ್ತುತ್ತಾನೆ.

ಬಣ್ಣ ಬದಲಿಸಲು ಆರ್‌ಟಿಒ ಕಚೇರಿಯಲ್ಲಿ ಆರ್‌ಸಿ ತಿದ್ದಿಸಬೇಕು. ಸೀಟ್ ಕವರು, ಕಾಲಡಿಯ ಮ್ಯಾಟು, ಡ್ಯಾಶ್‌ಬೋರ್ಡಿನ ಪುಟ್ಟ ಕುರುಡುಮಲೆ ಗಣಪನಿಗೆ ಮಾತ್ರ ಯಾರ ಅಪ್ಪಣೆಯೂ ಬೇಡ.